ಚಿತ್ರ ಬಿಡಿಸಿ ಲೆಕ್ಕ ಮಾಡುವ ಭೌತವಿಜ್ಞಾನಿ: ಕಾಸರಗೋಡಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಈಗ ನಿವೃತ್ತ. ಭಾನುವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಹತ್ತನೇ ಕ್ಲಾಸು, ಪ್ಲಸ್ ಟೂ, ಡಿಗ್ರಿ ಮಕ್ಕಳು ಸೇರುತ್ತಾರೆ. ಕೆಲವು ತಿಂಗಳಿಂದ ರೋಜರ್ ಪೆನ್‌ರೋಸ್ ಅವರ ಬಗ್ಗೆ ಮಾತು ನಡೆದಿದೆ. ಹೊಸದಾಗಿ ಬಂದವರು ಕೇಳಿದ್ದನ್ನೇ ಕೇಳುತ್ತಾರೆ, ಹಳಬರು ಆಕಳಿಸುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಪೆನ್‌ರೋಸ್ ಅಂದರೆ ಯಾರು?

ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ 1931ರ ಆಗಸ್ಟ್ 8ರಂದು ಹುಟ್ಟಿದವರು. 2020ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನದ ಅರ್ಧ ಪಾಲು ಅವರಿಗೆ ಬಂತು. ಉಳಿದರ್ಧ ರೈನ್‌ಹಾರ್ಡ್ ಗೆಂಜೆಲ್, ಆಂಡ್ರಿಯಾ ಗೆಜ್ ಇಬ್ಬರಿಗೆ. ಮನೆಯೇ ಒಂದು ವಿಜ್ಞಾನ ಶಾಲೆ ಇದ್ದ ಹಾಗೆ. ಅಪ್ಪ ಲಯೊನೆಲ್ ತಳಿವಿಜ್ಞಾನಿ, ಅಮ್ಮ ಡಾಕ್ಟರು. ಅಣ್ಣ ಆಲಿವರ್ ಭೌತವಿಜ್ಞಾನಿ. ತಮ್ಮ ಜೊನಾಥನ್ ಹತ್ತು ಸಲ ಬ್ರಿಟಿಷ್ ಚೆಸ್ ಚಾಂಪಿಯನ್. ತಂಗಿ ಶರ್ಲಿ ಕೂಡ ತಳಿವಿಜ್ಞಾನಿಯೇ.

ಅವರು ಗಣಿತದವರಾ, ಭೌತಶಾಸ್ತ್ರದವರಾ?

ಓದಿದ್ದು ಗಣಿತ. 1957ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಪಡೆದದ್ದೂ ಗಣಿತದಲ್ಲೇ. ಮುಂದೆ ಲಂಡನ್ನಿನ ಬರ್ಕ್‌ಬೆಕ್ ಕಾಲೇಜು, 1973ರಿಂದ ಆಕ್ಸ್‌ಫರ್ಡ್. ಅಲ್ಲಿನ ಹುದ್ದೆಯ ಹೆಸರಿನಲ್ಲೂ ಗಣಿತವೇ ಇತ್ತು. ಆದರೆ ಅವರ ತಲೆ ತಿಂದ ಪ್ರಶ್ನೆಗಳೆಲ್ಲ ಭೌತಶಾಸ್ತ್ರದವು. ನಕ್ಷತ್ರ ಕುಸಿದರೆ ಏನಾಗುತ್ತದೆ? ದೇಶ, ಕಾಲ ಅಂದರೆ ಒಳಗೆ ಏನಿದೆ? ನನ್ನ ಕೇಳಿದರೆ ಅವರು ಭೌತವಿಜ್ಞಾನಿ. ಇದಕ್ಕೆ ಜಗಳ ಮಾಡುವವರು ಮಾಡಲಿ.

ಚಿಕ್ಕಂದಿನಲ್ಲೇ ಲೆಕ್ಕದಲ್ಲಿ ಹುಲಿ ಆಗಿದ್ದರಾ?

ಇಲ್ಲ. ಈ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಬಹಳ ಖುಷಿ. ಯುದ್ಧದ ಕಾಲದಲ್ಲಿ ಅವರ ಕುಟುಂಬ ಕೆನಡಾದಲ್ಲಿತ್ತು. ಅಲ್ಲಿ ಬಾಯಿಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗನನ್ನು ಕೆಳಗಿನ ಕ್ಲಾಸಿಗೆ ಇಳಿಸಿದರು. ಆಮೇಲೆ ಒಬ್ಬ ಮಾಸ್ಟ್ರಿಗೆ ಇವನು ದಡ್ಡ ಅಲ್ಲ, ನಿಧಾನ ಅಷ್ಟೇ ಅಂತ ಗೊತ್ತಾಯಿತು. ಪರೀಕ್ಷೆಗೆ ಎಷ್ಟು ಹೊತ್ತು ಬೇಕಾದರೂ ತಗೋ ಅಂತ ಬಿಟ್ಟರು. ಉಳಿದವರು ಆಟಕ್ಕೆ ಹೋದಾಗಲೂ ಇವರು ಕೂತು ಬರೆಯುತ್ತಿದ್ದರು. ಮಾರ್ಕು ತಾನಾಗಿ ಮೇಲೆ ಬಂತು. ಪ್ರತಿ ಲೆಕ್ಕವನ್ನೂ ಮೊದಲಿಂದ ಯೋಚಿಸಿ ಮಾಡುವವರಿಗೆ ಹೊತ್ತು ಬೇಕಾಗುತ್ತದೆ. ನಮ್ಮ ಎಂಟ್ರೆನ್ಸ್ ಕೋಚಿಂಗ್‌ನಲ್ಲಿ ಇಂಥವರ ಗತಿ ಏನಾಗುತ್ತಿತ್ತೋ!

ಗಣಿತಕ್ಕೆ ಚಿತ್ರ ಯಾಕೆ? ಸೂತ್ರ ಸಾಲದಾ?

ನಮ್ಮ ಜಗಲಿಯಲ್ಲಿ ಮೊದಲ ದಿನ ಮಾಡುವ ಆಟ ಇದು. ಒಂದು ಗೋಟಡಿಕೆ ಇಡಿ. ಅದರ ಬಲಗಡೆ, ಕೆಳಗಡೆ, ಮೂಲೆಯಲ್ಲಿ ಹೀಗೆ ಮೂರು ಅಡಿಕೆ ಸೇರಿಸಿ. ಎರಡು ಸಾಲು, ಎರಡು ಕಂಬದ ಚೌಕ ಆಯಿತು. ಅದರ ಎರಡು ಬದಿಗೆ ಇನ್ನೊಂದು ಕಟ್ಟೆ ಕಟ್ಟಿ: ಐದು ಅಡಿಕೆ ಬೇಕು. ಮತ್ತೊಂದು ಕಟ್ಟೆಗೆ ಏಳು. ಈಗ 1, 3, 5, 7 ಕೂಡಿಸಿ: 16. ಎದುರಿಗಿರುವುದು ನಾಲ್ಕು ನಾಲ್ಕರ ಚೌಕ. ಮೊದಲ ನೂರು ಬೆಸ ಸಂಖ್ಯೆ ಕೂಡಿಸಿದರೆ ಎಷ್ಟು? ಹತ್ತು ಸಾವಿರ. ಕೂಡಿಸಬೇಕಾಗಿಯೇ ಇಲ್ಲ. ಯಾಕೆ ಅಂತ ಕೇಳಿದರೆ ಐದನೇ ಕ್ಲಾಸಿನ ಮಗುವೂ ಬೆರಳು ತೋರಿಸುತ್ತದೆ.

ಇದು ಹೊರದೇಶದಿಂದ ತಂದ ಸರಕು ಅಂದುಕೊಳ್ಳಬೇಡಿ. ನಮ್ಮಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ತಿರೂರಿನ ಹತ್ತಿರದ ತೃಕ್ಕಂಡಿಯೂರಿನವರು ನೀಲಕಂಠ ಸೋಮಯಾಜಿ. 1444ರಲ್ಲಿ ಹುಟ್ಟಿದವರು. ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ ಅವರು ಶ್ರೇಢಿಗಳ ಮೊತ್ತವನ್ನು ಪಟ್ಟಿ, ಹಲಗೆಗಳನ್ನು ಜೋಡಿಸಿದ ಹಾಗೆ ಆಕಾರ ಕಟ್ಟಿ ತೋರಿಸುತ್ತಾರೆ.

ಹಾಗಾದರೆ ಪೆನ್‌ರೋಸ್ ಹೊಸದಾಗಿ ಏನು ಮಾಡಿದರು?

ಅಡಿಕೆ ಆಟದಲ್ಲಿ ಚಿತ್ರ ಒಂದು ಮಾತನ್ನು ಅರ್ಥ ಮಾಡಿಸುತ್ತದೆ, ಅಷ್ಟೇ. ಪೆನ್‌ರೋಸ್ ಅವರ ಚಿತ್ರ ಹಾಗಲ್ಲ. ಚಿತ್ರವೇ ಲೆಕ್ಕ. ಗೆರೆ ಎಳೆಯುವುದು, ಜೋಡಿಸುವುದು, ಜಾರಿಸುವುದು, ಇವೆಲ್ಲ ಕೂಡುವುದು ಕಳೆಯುವುದರ ಹಾಗೆ ಕಟ್ಟುನಿಟ್ಟಿನ ಕ್ರಿಯೆಗಳು. ವಿದ್ಯಾರ್ಥಿ ದಿನಗಳಲ್ಲೇ ಅವರು ಟೆನ್ಸರ್‌ಗಳಿಗೆ ಇಂಥ ಒಂದು ಚಿತ್ರಲಿಪಿ ಮಾಡಿಕೊಂಡರು. ಅಚ್ಚಿನಲ್ಲಿ ಅದನ್ನು ವಿವರವಾಗಿ ಹೊರಗಿಟ್ಟದ್ದು 1971ರಲ್ಲಿ.

ಟೆನ್ಸರ್ ಅಂದರೆ ಏನು? ಆ ಪೈಪಿನ ಕಥೆ ಮತ್ತೊಮ್ಮೆ ಹೇಳಿ ಸರ್.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದ ಮನೆಯ ಮಕ್ಕಳಿಗೆ ಇದು ಬೇಗ ತಲೆಗೆ ಹೋಗುತ್ತದೆ. ಪೈಪಿನ ಅಂಗಡಿಯಲ್ಲಿ ಏನೇನು ಸಿಗುತ್ತದೆ? ಎಂಡ್ ಕ್ಯಾಪ್: ಒಂದೇ ಬಾಯಿ. ಎಲ್ಬೋ: ಎರಡು ಬಾಯಿ. ಟೀ: ಮೂರು ಬಾಯಿ. ಟೆನ್ಸರನ್ನೂ ಹಾಗೇ ನೋಡಿ. ವೆಕ್ಟರ್ (ಸಂಖ್ಯೆಗಳ ಒಂದು ಸಾಲು) ಅಂದರೆ ಒಂದು ಬಾಯಿ ಇರುವ ತುಂಡು. ಮ್ಯಾಟ್ರಿಕ್ಸ್ (ಸಾಲು, ಕಂಬದಲ್ಲಿ ಜೋಡಿಸಿದ ಸಂಖ್ಯೆಗಳು) ಅಂದರೆ ಎರಡು ಬಾಯಿಯದ್ದು. ಮೂರು, ನಾಲ್ಕು ಬಾಯಿ ಇದ್ದರೆ ದೊಡ್ಡ ಟೆನ್ಸರ್. ಬಾಯಿಯೇ ಇಲ್ಲದಿದ್ದರೆ ಅದು ಬರೀ ಒಂದು ಸಂಖ್ಯೆ.

ಪುಸ್ತಕದಲ್ಲಿ ಇದನ್ನೇ ಅಕ್ಷರದ ಮೇಲೆ ಕೆಳಗೆ ಪುಟ್ಟ ಪುಟ್ಟ ಅಕ್ಷರ ಅಂಟಿಸಿ ಬರೆಯುತ್ತಾರೆ. ಎರಡು ಟೆನ್ಸರ್‌ಗಳ ಪುಟ್ಟ ಅಕ್ಷರ ಒಂದೇ ಆಗಿದ್ದರೆ ಗುಣಿಸಿ, ಎಲ್ಲ ಬೆಲೆಗೂ ಕೂಡಿಸಬೇಕು ಅಂತ ಅರ್ಥ. ಸಾಲು ಉದ್ದ ಆದಂತೆ ಕಣ್ಣು ಕತ್ತಲೆ ಬರುತ್ತದೆ. ಪೆನ್‌ರೋಸ್ ಆ ಅಕ್ಷರಗಳನ್ನು ಕಿತ್ತು ಹಾಕಿದರು. ಒಂದು ಬಾಯಿಗೆ ಇನ್ನೊಂದು ಬಾಯಿ ಗೆರೆಯಿಂದ ಸೇರಿಸಿದರೆ ಮುಗಿಯಿತು. ಪೈಪು ಎಲ್ಲಿ ಬಾಗಿದೆ, ಎಷ್ಟು ಉದ್ದ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ಯಾವ ಬಾಯಿ ಯಾವುದಕ್ಕೆ ಸೇರಿದೆ ಅನ್ನುವುದು ಮಾತ್ರ ಮುಖ್ಯ. ತೆರೆದ ಬಾಯಿ ಎಷ್ಟು ಉಳಿದಿದೆ ಅಂತ ಎಣಿಸಿದರೆ ಉತ್ತರ ವೆಕ್ಟರಾ, ಮ್ಯಾಟ್ರಿಕ್ಸಾ, ಸಂಖ್ಯೆಯಾ ಅಂತ ಮೊದಲೇ ಗೊತ್ತಾಗುತ್ತದೆ.

ಒಂದು ಉದಾಹರಣೆ ಕೈಯಾರೆ ಮಾಡಿ. ಎ ಅನ್ನುವ ಮ್ಯಾಟ್ರಿಕ್ಸ್: ಮೇಲಿನ ಸಾಲು 1, 2, ಕೆಳಗಿನ ಸಾಲು 3, 4. ಬಿ ಅನ್ನುವುದು: ಮೇಲೆ 0, 1, ಕೆಳಗೆ 1, 0. ಎ ಯ ಸಾಲನ್ನು ಬಿ ಯ ಕಂಬದ ಜೊತೆ ಒಂದೊಂದಾಗಿ ಗುಣಿಸಿ ಕೂಡಿಸುತ್ತಾ ಎ ಗುಣಿಸು ಬಿ ಮಾಡಿದರೆ ಮೇಲಿನ ಸಾಲು 2, 1. ಕೆಳಗೆ 4, 3. ತಿರುಗಿಸಿ ಬಿ ಗುಣಿಸು ಎ ಮಾಡಿದರೆ ಮೇಲೆ 3, 4. ಕೆಳಗೆ 1, 2. ಎರಡೂ ಬೇರೆ ಬೇರೆ. ಆದರೆ ಎಡ ಮೇಲಿನ ಮೂಲೆ, ಬಲ ಕೆಳಗಿನ ಮೂಲೆ ಕೂಡಿಸಿ ನೋಡಿ. ಅಲ್ಲಿ 2 ಮತ್ತು 3, ಇಲ್ಲಿ 3 ಮತ್ತು 2. ಎರಡು ಕಡೆಯೂ 5! ಈ ಮೊತ್ತಕ್ಕೆ ಟ್ರೇಸ್ ಅನ್ನುತ್ತಾರೆ. ಯಾವ ಎರಡು ಚೌಕ ಮ್ಯಾಟ್ರಿಕ್ಸ್ ತಗೊಂಡರೂ ಹೀಗೇ ಆಗುತ್ತದೆ.

ಯಾಕೆ? ಚಿತ್ರದಲ್ಲಿ ನೋಡಿ. ಗುಣಿಸುವುದು ಅಂದರೆ ಎ ಯ ಒಂದು ಬಾಯಿಗೆ ಬಿ ಯ ಒಂದು ಬಾಯಿ ಸೇರಿಸುವುದು. ಟ್ರೇಸ್ ಅಂದರೆ ಉಳಿದ ಎರಡು ಬಾಯಿಯನ್ನೂ ಸುತ್ತು ತಂದು ಸೇರಿಸುವುದು. ಈಗ ಎ, ಬಿ ಎರಡೂ ಒಂದು ಬಳೆಗೆ ಪೋಣಿಸಿದ ಮಣಿಗಳು. ಬಳೆಯಲ್ಲಿ ಯಾವ ಮಣಿ ಮೊದಲು, ಯಾವುದು ಕೊನೆ? ಜಾರಿಸಿದರೆ ಅದೂ ಆಯಿತು, ಇದೂ ಆಯಿತು. ಕಳೆದ ವರ್ಷ ಮುಳ್ಳೇರಿಯದಿಂದ ಬರುವ ಒಬ್ಬಳು ಹುಡುಗಿ ಮಾತೇ ಆಡದೆ ತನ್ನ ಕೈಬಳೆ ತಿರುಗಿಸಿ ತೋರಿಸಿದಳು. ಅದಕ್ಕಿಂತ ಒಳ್ಳೆ ಪ್ರೂಫ್ ನಾನು ಬೋರ್ಡಿನ ಮೇಲೆ ಬರೆದಿಲ್ಲ.

ಇನ್ನೂ ಒಂದು ತಮಾಷೆ. ಏನೂ ಮಾಡದ ನೇರ ಪೈಪು ಅಂದರೆ ಯೂನಿಟ್ ಮ್ಯಾಟ್ರಿಕ್ಸ್. ಅದರ ಎರಡು ತುದಿ ಸೇರಿಸಿ ಬರೀ ಬಳೆ ಮಾಡಿದರೆ ಬೆಲೆ ಎಷ್ಟು? ಮೂರು ಆಯಾಮದ ಜಾಗದಲ್ಲಿ 3. ಎರಡು ಆಯಾಮದಲ್ಲಿ 2. ಅಂದರೆ ಖಾಲಿ ಬಳೆ ಆಯಾಮವನ್ನೇ ಎಣಿಸುತ್ತದೆ. 1971ರಲ್ಲಿ ಪೆನ್‌ರೋಸ್ ಬಳೆಯ ಬೆಲೆ ಮೈನಸ್ 2 ಅಂತ ಇಟ್ಟು ಲೆಕ್ಕ ಮಾಡಿ ತೋರಿಸಿದರು. ಮೈನಸ್ ಎರಡು ಆಯಾಮ ಅಂದರೆ ಹೇಗಿರುತ್ತದೆ ಅಂತ ನನ್ನ ಕೇಳಬೇಡಿ, ಯಾರಿಗೂ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಕಣಗಳ ಸ್ಪಿನ್ (ಹುಟ್ಟಿನಿಂದಲೇ ಇರುವ, ತಿರುಗುವಿಕೆಯಂಥ ಗುಣ) ಲೆಕ್ಕ ಅದರಲ್ಲಿ ಚೊಕ್ಕವಾಗಿ ಬರುತ್ತದೆ.

ಇಷ್ಟು ಸುಲಭ ಇದ್ದರೆ ಎಲ್ಲರೂ ಯಾಕೆ ಅದನ್ನೇ ಬಳಸಲಿಲ್ಲ?

ಅಚ್ಚು ಮಾಡೋಕೆ ಆಗುತ್ತಿರಲಿಲ್ಲ, ಅದಕ್ಕೇ. ಅಚ್ಚಿನ ಮೊಳೆಯಲ್ಲಿ ಅಕ್ಷರ ಇರುತ್ತದೆ, ಕೈಕಾಲು ಚಾಚಿದ ಚಿತ್ರ ಎಲ್ಲಿರುತ್ತದೆ? ಮಾಮೂಲಿ ರೀತಿಯಲ್ಲಿ ಅಚ್ಚು ಹಾಕಲು ಬರುವುದಿಲ್ಲ, ಆದ್ದರಿಂದ ಇದು ಹೆಚ್ಚಾಗಿ ಸ್ವಂತ ಲೆಕ್ಕಕ್ಕೇ ಉಪಯೋಗ ಅನ್ನುವ ಅರ್ಥದಲ್ಲಿ ಪೆನ್‌ರೋಸ್ ಅವರೇ ಬರೆದಿದ್ದಾರೆ. ಇನ್ನೊಂದು ಅನುಮಾನವೂ ಇತ್ತು: ಇದು ನಿಜವಾದ ಗಣಿತವಾ, ಅಥವಾ ಗೀಚಾ? 1991ರಲ್ಲಿ ಆಂಡ್ರೆ ಜೊಯಾಲ್, ರಾಸ್ ಸ್ಟ್ರೀಟ್ ಅನ್ನುವ ಇಬ್ಬರು ಗಣಿತಜ್ಞರು ಇಂಥ ಚಿತ್ರಗಳಿಗೆ ಗಟ್ಟಿ ಅಡಿಪಾಯ ಹಾಕಿದರು. ಈಗ ಕ್ವಾಂಟಂ ಭೌತಶಾಸ್ತ್ರದವರು ಟೆನ್ಸರ್ ನೆಟ್‌ವರ್ಕ್ ಅಂತ ದಿನನಿತ್ಯ ಬರೆಯುವುದು ಇದೇ ಜಾತಿಯ ಚಿತ್ರ. ಬಾಬ್ ಕೂಕ ಅನ್ನುವ ಬೆಲ್ಜಿಯಂ ಮೂಲದ ಭೌತವಿಜ್ಞಾನಿ ರಾಸ್ ಡಂಕನ್ ಜೊತೆ ಸೇರಿ 2008ರಲ್ಲಿ ಕ್ವಾಂಟಂ ಲೆಕ್ಕಕ್ಕೆಂದೇ ಒಂದು ಚಿತ್ರಭಾಷೆ ಕಟ್ಟಿದರು. ಕ್ವಾಂಟಂ ಕಂಪ್ಯೂಟರಿನ ಸರ್ಕಿಟ್ ಚಿಕ್ಕದು ಮಾಡೋಕೆ ಈಗ ಅದನ್ನು ಬಳಸುತ್ತಾರೆ.

ಫೈನ್‌ಮನ್ ಚಿತ್ರಗಳೂ ಇದೇ ತಾನೆ?

ಹತ್ತಿರದ ನೆಂಟರು, ಒಂದೇ ಮನೆಯವರಲ್ಲ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವಂಥ ಲೆಕ್ಕಕ್ಕೆ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಾಡಿದ ಚಿತ್ರದಲ್ಲಿ ಪ್ರತಿ ಗೆರೆಗೂ ಕೂಡುಬಿಂದುವಿಗೂ ಒಂದೊಂದು ಗಣಿತದ ತುಂಡು ಗಂಟು ಹಾಕಿರುತ್ತದೆ. ಒಂದು ಚಿತ್ರ ಅಂದರೆ ಉದ್ದನೆಯ ಸರಣಿಯ ಒಂದು ಪದ. 1948ರಲ್ಲಿ ಅಮೆರಿಕದ ಪೊಕೊನೊ ಸಭೆಯಲ್ಲಿ ಅವರು ಇದನ್ನು ತೋರಿಸಿದಾಗ ನೀಲ್ಸ್ ಬೋರ್ ಅಂಥವರಿಗೇ ಹಿಡಿಸಲಿಲ್ಲ. ಮರುವರ್ಷ ಫ್ರೀಮನ್ ಡೈಸನ್ ಸೂತ್ರದ ದಾರಿಯೂ ಚಿತ್ರದ ದಾರಿಯೂ ಒಂದೇ ಊರಿಗೆ ಹೋಗುತ್ತವೆ ಅಂತ ತೋರಿಸಿದ ಮೇಲೆ ಜನ ನಂಬಿದರು.

ನೊಬೆಲ್ ಬಂದದ್ದು ಈ ಚಿತ್ರಗಳಿಗಾ?

ಅಲ್ಲ. ಕಪ್ಪುಕುಳಿ (ಬೆಳಕೂ ಹೊರಗೆ ಬಾರದ ಬ್ಲ್ಯಾಕ್ ಹೋಲ್) ಆಗುವುದು ಐನ್‌ಸ್ಟೈನ್ ಸಿದ್ಧಾಂತದಿಂದ ತಪ್ಪದೆ ಬರುವ ಮಾತು ಅಂತ ತೋರಿಸಿದ್ದಕ್ಕೆ. ಆದರೆ ಅದೂ ಕಣ್ಣಿನಿಂದ ಯೋಚಿಸಿದ ಕೆಲಸವೇ.

1939ರಲ್ಲೇ ಆಪನ್‌ಹೈಮರ್ ಮತ್ತು ಸ್ನೈಡರ್ ಕುಸಿಯುವ ನಕ್ಷತ್ರದ ಲೆಕ್ಕ ಮಾಡಿದ್ದರು. ಆದರೆ ಅವರ ನಕ್ಷತ್ರ ಚೆಂಡಿನ ಹಾಗೆ ಪೂರ್ತಿ ಉರುಟು. ನಿಜವಾದ ನಕ್ಷತ್ರ ಸ್ವಲ್ಪ ಡೊಂಕು ಇದ್ದೇ ಇರುತ್ತದೆ, ಆಗ ಎಲ್ಲವೂ ಒಂದೇ ಬಿಂದುವಿಗೆ ಬೀಳದೆ ಪಕ್ಕಕ್ಕೆ ಜಾರಿ ಹೋಗಬಹುದಲ್ವಾ ಅಂತ ಬಹಳ ಜನ ವಾದಿಸಿದರು. ಡೊಂಕು ನಕ್ಷತ್ರಕ್ಕೆ ಸಮೀಕರಣ ಬಿಡಿಸುವುದು ಆಗದ ಕೆಲಸ. ಪೆನ್‌ರೋಸ್ ಬಿಡಿಸೋಕೆ ಹೋಗಲೇ ಇಲ್ಲ. ಆಕಾರ ಮಾತ್ರ ನೋಡಿದರು. 1964ರಲ್ಲಿ ಲಂಡನ್ನಿನಲ್ಲಿ ಗೆಳೆಯರೊಬ್ಬರ ಜೊತೆ ಮಾತಾಡುತ್ತಾ ರಸ್ತೆ ದಾಟುವಾಗ ಆ ಯೋಚನೆ ಹೊಳೆಯಿತಂತೆ. ದಾಟಿದ ಮೇಲೆ ಮಾತು ಮುಂದುವರಿದು ಅದು ಮರೆತೇ ಹೋಗಿತ್ತು. ಸಂಜೆ, ಇವತ್ತು ಯಾಕೆ ಮನಸ್ಸು ಇಷ್ಟು ಹಗುರ ಅಂತ ಹುಡುಕಿಕೊಂಡು ಹೋದಾಗ ಮತ್ತೆ ಸಿಕ್ಕಿತು.

ಆ ಯೋಚನೆಯ ಹೆಸರು ಬಲೆಗೆ ಬಿದ್ದ ಮೇಲ್ಮೈ. ಒಂದು ಗೋಳದಿಂದ ಬೆಳಕನ್ನು ಹೊರಗೂ ಒಳಗೂ ಬಿಡಿ. ಸಾಮಾನ್ಯವಾಗಿ ಹೊರಗೆ ಹೋದದ್ದು ಹರಡುತ್ತದೆ. ಗುರುತ್ವ ಜೋರಾದ ಕಡೆ ಹೊರಗೆ ಬಿಟ್ಟ ಬೆಳಕೂ ಕುಗ್ಗುತ್ತಾ ಬರುತ್ತದೆ. ಜುಲೈ ತಿಂಗಳ ಪಯಸ್ವಿನಿಯಲ್ಲಿ ಮೇಲಕ್ಕೆ ಈಜುವವನೂ ಕೆಳಗೇ ಹೋಗುತ್ತಾನಲ್ಲ, ಹಾಗೆ. ಅಂಥ ಮೇಲ್ಮೈ ಒಂದು ಸಲ ಆಯಿತು ಅಂದರೆ ನಕ್ಷತ್ರ ಉರುಟೋ ಡೊಂಕೋ, ತಪ್ಪಿಸಿಕೊಳ್ಳುವ ದಾರಿ ಇಲ್ಲ. 1965ರ ಆ ಲೇಖನ ಬರೀ ಮೂರು ಪುಟ. ಅದರ ನಡುವೆ ಕೈಯಲ್ಲಿ ಬರೆದಂಥ ಒಂದು ಚಿತ್ರ. ಬೆಳಕಿನ ಕಿರಣಗಳು ಒಂದಕ್ಕೊಂದು ಹತ್ತಿರ ಬರುವುದನ್ನು ಲೆಕ್ಕ ಹಾಕಲು ಬೇಕಾದ ಸಮೀಕರಣ ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ 1955ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದದ್ದು. ಇದನ್ನು ಬಿಟ್ಟು ಪೆನ್‌ರೋಸ್ ಕಥೆ ಹೇಳಬೇಡಿ.

ಆ ವಜ್ರದ ಆಕಾರದ ಚಿತ್ರ ಯಾವುದು?

ಪೆನ್‌ರೋಸ್ ನಕ್ಷೆ. ಕೊನೆಯಿಲ್ಲದ ಜಾಗ, ಕೊನೆಯಿಲ್ಲದ ಕಾಲ ಎರಡನ್ನೂ ಕುಗ್ಗಿಸಿ ಒಂದು ಹಾಳೆಗೆ ಇಳಿಸುತ್ತದೆ. ಉದ್ದ ಅಗಲದ ಅಳತೆ ಕೆಡುತ್ತದೆ, ಕೆಡಲಿ. ಬೆಳಕಿನ ಗೆರೆ ಮಾತ್ರ ಯಾವಾಗಲೂ 45 ಡಿಗ್ರಿ. ಅದೊಂದನ್ನು ಉಳಿಸಿಕೊಂಡರೆ ಯಾರು ಯಾರಿಗೆ ಸುದ್ದಿ ಮುಟ್ಟಿಸಬಹುದು, ಯಾರು ಕಪ್ಪುಕುಳಿಯೊಳಗೆ ಸಿಕ್ಕಿಬಿದ್ದರು ಅನ್ನುವುದು ಸ್ಕೇಲ್ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಚಿತ್ರ ಮೋಸ ಮಾಡಲ್ವಾ?

ಮಾಡುತ್ತದೆ! ಗ್ರಾಫ್ ಹಾಳೆಯಲ್ಲಿ ಎಂಟು ಎಂಟರ ಚೌಕ ಕತ್ತರಿಸಿ. 64 ಮನೆ. ಅದನ್ನು 3 ಮತ್ತು 5 ಅಗಲದ ಎರಡು ಪಟ್ಟಿ ಮಾಡಿ. ಸಣ್ಣ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ. ದೊಡ್ಡದನ್ನು ಓರೆಯಾಗಿ, ಒಂದು ಕಡೆ 3 ಮನೆ, ಇನ್ನೊಂದು ಕಡೆ 5 ಮನೆ ಬರುವ ಹಾಗೆ ಎರಡು ತುಂಡು ಮಾಡಿ. ನಾಲ್ಕು ತುಂಡು ಬೇರೆ ರೀತಿ ಜೋಡಿಸಿದರೆ 5 ಹದಿಮೂರರ ಆಯತ. 65 ಮನೆ! ಒಂದು ಮನೆ ಎಲ್ಲಿಂದ ಬಂತು? ತ್ರಿಕೋನದ ಇಳಿಜಾರು 8ಕ್ಕೆ 3, ಇನ್ನೊಂದು ತುಂಡಿನದ್ದು 5ಕ್ಕೆ 2. ಒಂದು 0.375, ಇನ್ನೊಂದು 0.4. ನಡುವೆ ಕೂದಲೆಳೆಯಂಥ ಬಿರುಕು ಇದೆ. ಕಣ್ಣು ಅದನ್ನು ಮುಚ್ಚಿ ಹಾಕುತ್ತದೆ.

ಪೆನ್‌ರೋಸ್ ಇಂಥ ಮೋಸವನ್ನೇ ಕಸುಬು ಮಾಡಿಕೊಂಡವರು. 1954ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಸಮ್ಮೇಳನಕ್ಕೆ ಹೋದಾಗ ಎಶರ್ ಅನ್ನುವ ಚಿತ್ರಕಾರರ ಪ್ರದರ್ಶನ ನೋಡಿದರು. ಬಂದು ಒಂದು ತ್ರಿಕೋನ ಬರೆದರು. ಮೂರು ಮೂಲೆಯನ್ನೂ ಒಂದೊಂದಾಗಿ ನೋಡಿದರೆ ಸರಿಯಾಗಿದೆ, ಮೂರೂ ಒಟ್ಟಿಗೆ ಅಸಾಧ್ಯ. ಸ್ವೀಡನ್ನಿನ ಕಲಾವಿದ ಆಸ್ಕರ್ ರಾಯ್ಟರ್ಸ್‌ವಾರ್ಡ್ 1934ರಲ್ಲೇ ಅಂಥದ್ದೊಂದು ಬರೆದಿದ್ದರು, ಇವರಿಗೆ ಗೊತ್ತಿರಲಿಲ್ಲ. ಅಪ್ಪ ಮಗ ಸೇರಿ 1958ರಲ್ಲಿ ಒಂದು ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಲೇಖನ ಬರೆದರು. ಅದರಿಂದಲೇ ಎಶರ್ ಅವರಿಗೆ ಸುತ್ತಿ ಸುತ್ತಿ ಹತ್ತುವ ಮೆಟ್ಟಿಲಿನ ಚಿತ್ರ ಸಿಕ್ಕಿತು. ಮೂವತ್ತು ವರ್ಷ ಕಳೆದ ಮೇಲೆ ಪೆನ್‌ರೋಸ್ ಮತ್ತೆ ಅದೇ ತ್ರಿಕೋನಕ್ಕೆ ಬಂದು, ಬಿಡಿಬಿಡಿಯಾಗಿ ಸರಿ ಇರುವುದು ಇಡಿಯಾಗಿ ಎಷ್ಟು ತಪ್ಪುತ್ತದೆ ಅಂತ ಅಳೆಯುವ ಗಣಿತಕ್ಕೆ ಅದನ್ನು ಜೋಡಿಸಿದರು.

ಟೈಲ್ಸ್ ಕಥೆ?

ಐದು ಮೂಲೆಯ ಟೈಲ್ ತಗೊಂಡು ಅಂಗಳ ಮುಚ್ಚಿ ನೋಡಿ. ಒಂದು ಮೂಲೆ 108 ಡಿಗ್ರಿ. ಮೂರು ಸೇರಿದರೆ 324. ಸುತ್ತು ತುಂಬಲು 36 ಬಾಕಿ, ಅಲ್ಲೊಂದು ಸಂದು ಬಿಡುತ್ತದೆ. 1974ರಲ್ಲಿ ಪೆನ್‌ರೋಸ್ ಐದರ ಈ ಸೊಗಸು ಉಳಿಸಿಕೊಂಡು ಸಂದು ಬಿಡದ ಟೈಲ್‌ಗಳನ್ನು ಕಂಡುಹಿಡಿದರು. ಎರಡೇ ಆಕಾರ ಸಾಕು, ಜೋಡಿಸುವ ನಿಯಮ ಪಾಲಿಸಬೇಕು ಅಷ್ಟೆ. ಎಷ್ಟು ದೂರ ಹಾಕಿದರೂ ಇಡೀ ವಿನ್ಯಾಸ ಸರಿದು ತನ್ನ ಮೇಲೆ ತಾನೇ ಕೂರುವುದಿಲ್ಲ. ದುರ್ಗಾಪೂಜೆಗೆ ಭಟ್ಟರು ಬರೆಯುವ ಮಂಡಲವಾಗಲಿ, ಅಕ್ಕ ಹಾಕುವ ಚುಕ್ಕಿ ರಂಗೋಲಿಯಾಗಲಿ, ಒಂದು ಭಾಗ ನೋಡಿದರೆ ಉಳಿದದ್ದು ಊಹಿಸಬಹುದು. ಇಲ್ಲಿ ಆಗುವುದಿಲ್ಲ.

ಆಟಕ್ಕೆ ಮಾಡಿದ್ದು ಅಂದುಕೊಂಡಿದ್ದರು. 1982ರಲ್ಲಿ ಡಾನ್ ಶೆಕ್ಟ್‌ಮನ್ ಒಂದು ಲೋಹದ ಮಿಶ್ರಣದಲ್ಲಿ ಅದೇ ರೀತಿಯ ಜೋಡಣೆ ಕಂಡರು. ಮೊದಲು ಯಾರೂ ನಂಬಲಿಲ್ಲ. 2011ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಅವರು ಹೇಳಿದ್ದೆಲ್ಲ ಸರಿಯಾ?

ಇಲ್ಲಪ್ಪ. ಪ್ರಜ್ಞೆಗೂ ಕ್ವಾಂಟಂಗೂ ನಂಟು ಇದೆ ಅನ್ನುವ ಅವರ ವಾದವನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ. ನನಗೂ ಗಂಟಲಲ್ಲಿ ಇಳಿಯುವುದಿಲ್ಲ.

ಕನ್ನಡದವರು ಯಾರಾದರೂ ಈ ದಾರಿಯಲ್ಲಿ ಇದ್ದಾರಾ?

ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 1938ರಲ್ಲಿ ಹುಟ್ಟಿದವರು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಗಂಟೆಯ ಹಾಗೆ ಮಿಡಿದು ನಿಧಾನವಾಗಿ ಸುಮ್ಮನಾಗುತ್ತದೆ ಅಂತ 1970ರಲ್ಲಿ ತೋರಿಸಿದರು. 2015ರಲ್ಲಿ ಗುರುತ್ವದ ಅಲೆ ಮೊದಲ ಸಲ ಸಿಕ್ಕಾಗ ಆ ಮಿಡಿತದ ಮಾತು ಎಲ್ಲರ ಬಾಯಲ್ಲಿತ್ತು. ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರು ಅವರೇ. ಅವರು ಕಾರ್ಟೂನು ಕೂಡ ಬರೆಯುತ್ತಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು.

ನಾವು ಕನ್ನಡ ಮೀಡಿಯಂ. ಇಲ್ಲಿಂದ ಅಲ್ಲಿಗೆ ಹೋಗೋಕೆ ಆಗುತ್ತಾ?

ಕಷ್ಟ ಇದೆ, ಸುಳ್ಳು ಹೇಳಲ್ಲ. ಪ್ಲಸ್ ಟೂ ಸೈನ್ಸ್‌ಗೆ ಹೋದಾಗ ಪುಸ್ತಕ ಇಂಗ್ಲಿಷಿಗೆ ತಿರುಗುತ್ತದೆ, ಕ್ಲಾಸಿನ ಮಾತು ಮಲಯಾಳಕ್ಕೆ. ನನ್ನ ಕಾಲದಲ್ಲೂ ಇದೇ ಗೋಳು. ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಒಂದು ವರ್ಷ ಗಣಿತಕ್ಕೆ ಬಂದ ಮಾಸ್ಟ್ರಿಗೆ ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ನಮಗೆ ಅವರ ಮಲಯಾಳ ಅರ್ಧಂಬರ್ಧ. ಮನೆಯವರು ದೂರು ಕೊಟ್ಟರು, ಏನೂ ಆಗಲಿಲ್ಲ. ಪಾಪ, ಅವರು ಮಾತು ಬಿಟ್ಟು ಬೋರ್ಡು ತುಂಬ ಚಿತ್ರ ಬರೆಯಲು ಶುರು ಮಾಡಿದರು. ಪೈಥಾಗೊರಸ್ ಪ್ರಮೇಯವನ್ನು ನಾಲ್ಕು ರಟ್ಟಿನ ತ್ರಿಕೋನ ಸರಿಸಿ ತೋರಿಸಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅವರು ಮಾಡಿದ್ದು ಸರಿ, ಅವರನ್ನು ಅಲ್ಲಿಗೆ ಹಾಕಿದ್ದು ತಪ್ಪು. ಎರಡನ್ನೂ ಹೇಳುತ್ತೇನೆ.

ದಾರಿ ಹೀಗಿದೆ. ಪ್ಲಸ್ ಟೂ ಮುಗಿದ ಕೂಡಲೇ ಐಸರ್ (ವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ) ಪ್ರವೇಶ ಪರೀಕ್ಷೆ ಬರೆಯಬಹುದು. ನಮ್ಮ ರಾಜ್ಯದ ಐಸರ್ ತಿರುವನಂತಪುರದ ವಿತುರದಲ್ಲಿದೆ. ಸಿಗಲಿಲ್ಲ ಅಂತ ಅಳಬೇಡಿ. 1957ರಲ್ಲಿ ಶುರುವಾದ ಕಾಸರಗೋಡು ಸರ್ಕಾರಿ ಕಾಲೇಜು ವಿದ್ಯಾನಗರದಲ್ಲಿ ಕೂತಿದೆ. ಅಲ್ಲಿ ಬಿ.ಎಸ್ಸಿ. ಮಾಡಿ ಜ್ಯಾಮ್ ಪರೀಕ್ಷೆ ಬರೆದರೆ ಐಐಟಿಗಳ ಎಂ.ಎಸ್ಸಿ.ಗೆ ಬಾಗಿಲು ತೆರೆಯುತ್ತದೆ. ಊರು ಬಿಡೋಕೆ ಆಗದಿದ್ದರೆ ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಪಿಎಚ್.ಡಿ.ಗೆ ನೆಟ್, ಗೇಟ್, ಜೆಸ್ಟ್ ಪರೀಕ್ಷೆಗಳು. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ವಿದ್ಯಾರ್ಥಿವೇತನ) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಮನೆಯಲ್ಲಿ ಇದನ್ನು ಮೊದಲು ಹೇಳಿ, ಕಪ್ಪುಕುಳಿಯ ಮಾತು ಆಮೇಲೆ.

ಚಿತ್ರ ಚೆನ್ನಾಗಿ ಬಿಡಿಸೋಕೆ ಬರಬೇಕಾ?

ಬೇಡ. ಪೆನ್‌ರೋಸ್ ಚೆನ್ನಾಗಿ ಬಿಡಿಸುತ್ತಾರೆ ನಿಜ. ಭಾಷಣಕ್ಕೆ ಬಣ್ಣದ ಪೆನ್ನಿನಲ್ಲಿ ಕೈಯಾರೆ ಬರೆದ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುವುದು ಅವರ ಶೈಲಿ. ಆದರೆ ನಿಮ್ಮ ಪೈಪು ಡೊಂಕಾಗಿದ್ದರೂ ಉತ್ತರ ಅದೇ ಬರುತ್ತದೆ.

ಭಾನುವಾರ ಬರುವಾಗ ಏನು ತರಬೇಕು?

ಗ್ರಾಫ್ ಪುಸ್ತಕ, ಕತ್ತರಿ, ಎರಡು ಬಣ್ಣದ ಪೆನ್ಸಿಲು. ಅಡಿಕೆ ನಾನು ಕೊಡುತ್ತೇನೆ. ಹೋಗುವಾಗ ಎಣಿಸಿ ವಾಪಸ್ ಕೊಡಬೇಕು. ಹೋದ ಸಲ ನೂರಕ್ಕೆ ಮೂರು ಕಮ್ಮಿ ಇತ್ತು.